ಹಳೆ ಬಿಎಂಎಕ್ಸ್ ಸಿಕ್ಕಿತು, ಬಣ್ಣ ಹೊಡಿಸಬೇಕಾ, ಹಾಗೇ ಬಿಡಬೇಕಾ?

ಹಳೆ ಸೈಕಲ್ ಒಂದನ್ನು ಮನೆಗೆ ತಂದರೆ ಬಳ್ಳಾರಿಯಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: "ಒಂದು ಕೈ ಬಣ್ಣ ಹೊಡಿಸಿಬಿಡ್ರಿ, ಹೊಸದ್ರ ಥರ ಆಗ್ತದೆ." ಮನೆಯವರೂ ಹೇಳುತ್ತಾರೆ, ಪಕ್ಕದ ಮನೆಯವರೂ ಹೇಳುತ್ತಾರೆ. ಸೈಕಲ್ ಶಾಪಿನ ಮೇಸ್ತ್ರಿಯಂತೂ ಬಣ್ಣದ ಡಬ್ಬಿ ತೋರಿಸಿಯೇ ಹೇಳುತ್ತಾರೆ. ತಪ್ಪೇನಿಲ್ಲ, ದಿನಾ ಹಾಲಿನ ಕ್ಯಾನು ಹೊರುವ ಸೈಕಲ್ಲಿಗೆ ಅದೇ ಸರಿ. ಆದರೆ ಅದು 1980ರ ದಶಕದ ಬಿಎಂಎಕ್ಸ್, ಅಂದರೆ ದಿಬ್ಬ ಹಾರಿಸುವ ರೇಸಿಗೆಂದು ಮಾಡಿದ ಸಣ್ಣ ಚಕ್ರದ ಸೈಕಲ್, ಆಗಿದ್ದರೆ ಕಥೆ ಬೇರೆ. ಆ ಒಂದು ಕೈ ಬಣ್ಣದಲ್ಲಿ ಸೈಕಲ್ಲಿನ ಬೆಲೆಯೂ ಹೋಗಬಹುದು, ಗುರುತೂ ಹೋಗಬಹುದು.

ಇಂಥ ಸೈಕಲ್ ಕೂಡಿಡುವವರಲ್ಲಿ ಎರಡು ಪಂಗಡ ಇವೆ. ಅಂಗಡಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ ಮಾಡಬೇಕು ಅನ್ನುವವರು ಒಂದು ಕಡೆ. ಇದು ರೆಸ್ಟೋರೇಶನ್. ಇರುವುದು ಇನ್ನಷ್ಟು ಕೆಡದಂತೆ ನೋಡಿಕೊಂಡರೆ ಸಾಕು, ಗೀರು, ಮಾಸಿದ ಬಣ್ಣ, ಅರ್ಧ ಹರಿದ ಸ್ಟಿಕ್ಕರ್ ಎಲ್ಲ ಹಾಗೇ ಇರಲಿ ಅನ್ನುವವರು ಇನ್ನೊಂದು ಕಡೆ. ಇದು ಪ್ರಿಸರ್ವೇಶನ್. ಹೀಗೆ ಮೂಲ ಬಣ್ಣ, ಮೂಲ ಭಾಗಗಳ ಸಮೇತ ಉಳಿದು ಬಂದ ಸೈಕಲ್ಲನ್ನು ಅವರು ಸರ್ವೈವರ್ ಅಂತ ಕರೆಯುತ್ತಾರೆ.

ನನಗೆ ಕೇಳಿದರೆ ಇಡೀ ಸೈಕಲ್ಲಿಗೆ ಒಂದೇ ಉತ್ತರ ಹುಡುಕುವುದರಲ್ಲೇ ತೊಡಕಿದೆ. ಫ್ರೇಮಿಗೆ ಒಂದು ಉತ್ತರ, ಚಕ್ರಕ್ಕೆ ಇನ್ನೊಂದು, ಬ್ರೇಕಿಗೆ ಮತ್ತೊಂದು. ಮಾಡಿದ ಮೇಲೆ ವಾಪಸ್ ತೆಗೆಯಲಾಗದ ಕೆಲಸ ಯಾವುದು ಅಂತ ಭಾಗ ಭಾಗಕ್ಕೆ ಕೇಳಿಕೊಂಡು ಹೋದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಬಿಎಂಎಕ್ಸ್ ಅಂದರೆ ಬಿಡಿಭಾಗಗಳ ಸೈಕಲ್

ಬಿಎಂಎಕ್ಸ್ ಅಂದರೆ ಬೈಸಿಕಲ್ ಮೋಟೋಕ್ರಾಸ್. 1970ರ ಆಸುಪಾಸಿನಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮೋಟರ್‌ಸೈಕಲ್ ರೇಸ್ ನೋಡಿ, ಅದನ್ನೇ ಸೈಕಲ್ ಮೇಲೆ ಮಾಡಲು ಹೊರಟರು. ಕೈಯಲ್ಲಿದ್ದದ್ದು ಶ್ವಿನ್ ಕಂಪನಿಯ ಸ್ಟಿಂಗ್-ರೇ. 1963ರಲ್ಲಿ ಬಂದ, 20 ಇಂಚಿನ ಚಕ್ರದ ಮಕ್ಕಳ ಸೈಕಲ್ ಅದು. ದಿಬ್ಬದಿಂದ ಹಾರಿಸಿದರೆ ಮುಂದಿನ ಚಕ್ರ ಹಿಡಿಯುವ ಫೋರ್ಕ್ ಬಾಗುತ್ತಿತ್ತು, ಚಕ್ರ ಸೊಟ್ಟಗಾಗುತ್ತಿತ್ತು. ಮುರಿದದ್ದಕ್ಕೆಲ್ಲ ಗಟ್ಟಿ ಬದಲಿ ಬೇಕಾಯಿತು. ಅಲ್ಲಿಂದಲೇ ಒಂದು ಉದ್ಯಮ ಹುಟ್ಟಿತು. ಮಾಂಗೂಸ್ ಕಂಪನಿ ಶುರುವಾಗಿದ್ದು ಎರಕದ ಚಕ್ರದಿಂದ. ರೆಡ್‌ಲೈನ್ ಕಂಪನಿ ಹೆಸರು ಮಾಡಿದ್ದು ಕ್ರೋಮೋಲಿ ಅನ್ನುವ ಗಟ್ಟಿ ಉಕ್ಕಿನ ಕೊಳವೆಯ ಫೋರ್ಕ್‌ನಿಂದ. ಸ್ಕೈವೇ ಕಂಪನಿ ನೈಲಾನ್ ಚಕ್ರ ತಂದಿತು. ಇವತ್ತು ಕನ್ನಡಕಕ್ಕೆ ಹೆಸರಾದ ಓಕ್ಲಿ ಕೂಡ 1975ರಲ್ಲಿ ಹ್ಯಾಂಡಲ್ ಗ್ರಿಪ್ ಮಾಡಿ ಶುರುವಾದದ್ದು. 1982ರಲ್ಲಿ ಒಂದು ಹಾಲಿವುಡ್ ಚಿತ್ರದಲ್ಲಿ ಜಪಾನಿನ ಕುವಾಹರಾ ಸೈಕಲ್ ಕಾಣಿಸಿಕೊಂಡ ಮೇಲೆ ಈ ಹುಚ್ಚು ಊರೂರಿಗೆ ಹರಡಿತು. 2008ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ಇದೇ ಆಟಕ್ಕೆ ಪದಕ ಕೊಡುವಷ್ಟಾಯಿತು.

ಈ ಇತಿಹಾಸ ಯಾಕೆ ಬೇಕು ಅಂದರೆ, ಬಿಎಂಎಕ್ಸ್ ಅಂಗಡಿಯಿಂದ ಬಂದ ಹಾಗೇ ಉಳಿದದ್ದು ಕಡಿಮೆ. ಹುಡುಗರು ದುಡ್ಡು ಕೂಡಿದಾಗೆಲ್ಲ ಒಂದೊಂದು ಭಾಗ ಬದಲಿಸುತ್ತಿದ್ದರು. ಫ್ರೇಮ್ 1982ರದು, ಹ್ಯಾಂಡಲ್ 1984ರದು, ಪೆಡಲ್ 1986ರದು ಇರುವುದು ಮಾಮೂಲಿ. ಹಾಗಾದರೆ ರೆಸ್ಟೋರ್ ಮಾಡುವುದು ಯಾವ ವರ್ಷಕ್ಕೆ? ಅನುಭವ ಇರುವ ಕಲೆಕ್ಟರ್‌ಗಳೂ ಜಾಸ್ತಿ ಜಗಳ ಆಡುವುದು ಇಲ್ಲೇ.

ಕಂಪನಿ ಕ್ಯಾಟಲಾಗಿನಲ್ಲಿ ಇದ್ದ ಹಾಗೆ ಪ್ರತಿ ಭಾಗ ಹುಡುಕಿ ಜೋಡಿಸುವುದು ಒಂದು ದಾರಿ. ಆ ಕಾಲದ್ದೇ ಆದರೆ ಸಾಕು, ಅದೇ ಭಾಗ ಆಗಬೇಕಿಲ್ಲ ಅನ್ನುವುದು ಎರಡನೆಯದು. ಇದಕ್ಕೆ ಪೀರಿಯಡ್ ಕರೆಕ್ಟ್ ಅನ್ನುತ್ತಾರೆ. ಮೂರನೆಯದು, ಆ ಸೈಕಲ್ ಓಡಿಸಿದ ಹುಡುಗ ಕೊನೆಗೆ ಹೇಗೆ ಬಿಟ್ಟನೋ ಹಾಗೇ ಇಡುವುದು. ಮೊದಲನೆಯದು ಪ್ರದರ್ಶನಕ್ಕೆ ಚೆಂದ, ಖರ್ಚು ವಿಪರೀತ. ನನಗೆ ಮೂರನೆಯದೇ ಇಷ್ಟ. ಕ್ಯಾಟಲಾಗಿನ ಸೈಕಲ್ ನೋಡಬೇಕೆಂದರೆ ಕ್ಯಾಟಲಾಗ್ ಇದೆಯಲ್ಲ! ಹುಡುಗನೊಬ್ಬ ಸೀಟಿಗೆ ಸುತ್ತಿದ ಟೇಪು, ಹ್ಯಾಂಡಲ್ಲಿಗೆ ಸುತ್ತಿದ ಪ್ಯಾಡ್ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ನಂಬರು ಯಾವ ಕಂಪನಿಯೂ ಮತ್ತೆ ತಯಾರಿಸಿ ಕೊಡುವುದಿಲ್ಲ.

ಯಾವ ಭಾಗ ಯಾವ ವರ್ಷದ್ದು ಅಂತ ತಿಳಿಯಲು ಗುರುತುಗಳಿವೆ. ಜಪಾನಿನ ಶಿಮಾನೊ ಕಂಪನಿಯ ಹಳೆ ಭಾಗಗಳ ಮೇಲೆ ಎರಡು ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ಮೊದಲನೆಯದು ವರ್ಷ, ಎರಡನೆಯದು ತಿಂಗಳು. 'ಎ' ಅಂದರೆ 1976, 'ಬಿ' ಅಂದರೆ 1977, ಹೀಗೆ ಮುಂದಕ್ಕೆ. 'ಜಿ ಸಿ' ಅಂತ ಇದ್ದರೆ 1982ರ ಮಾರ್ಚ್. ಫ್ರೇಮಿನ ನಂಬರು ಸಾಮಾನ್ಯವಾಗಿ ಪೆಡಲ್ ಆಕ್ಸಲ್ ಕೂರುವ ಕೊಳವೆಯ ಕೆಳಗೆ, ಇಲ್ಲವೇ ಹಿಂದಿನ ಚಕ್ರದ ನಟ್ಟು ಕೂರುವ ಡ್ರಾಪ್‌ಔಟ್ ಮೇಲೆ ಇರುತ್ತದೆ. ಸೈಕಲ್ ಬಿಚ್ಚುವ ಮೊದಲು ಇವೆಲ್ಲದರ ಫೋಟೋ ತೆಗೆದಿಡಿ. ವೈರು ಯಾವ ಕಡೆಯಿಂದ ಸುತ್ತಿ ಬಂದಿತ್ತು, ವಾಷರ್ ಎಷ್ಟಿದ್ದವು, ಸ್ಟಿಕ್ಕರ್ ವೆಲ್ಡಿನಿಂದ ಎಷ್ಟು ದೂರ ಇತ್ತು, ಎಲ್ಲಾ ಬೇಕು. ಆಮೇಲೆ ನೆನಪಿರುವುದಿಲ್ಲ.

ಮೊದಲು ತೊಳೆಯಿರಿ, ಆಮೇಲೆ ಮಾತು

ನಮ್ಮ ಜಿಲ್ಲೆಗೆ ಒಂದು ವಿಶೇಷ ಇದೆ. ಸಂಡೂರು, ದೋಣಿಮಲೈ, ತೋರಣಗಲ್ಲು ಕಡೆ ಕ್ವಾರ್ಟರ್ಸ್‌ಗಳಲ್ಲಿ ಸಿಗುವ ಸೈಕಲ್ ನೋಡಿದರೆ ಪೂರ್ತಿ ಜಂಗು ಹಿಡಿದಿದೆ ಅನಿಸುತ್ತದೆ. ಎಷ್ಟೋ ಸಲ ಅದು ಜಂಗಲ್ಲ, ಅದಿರಿನ ಧೂಳು. ನಮ್ಮ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಜಂಗು ಕೂಡ ಕಬ್ಬಿಣದ ಆಕ್ಸೈಡೇ, ನೀರು ಸೇರಿಕೊಂಡದ್ದು. ಬಣ್ಣ ಒಂದೇ ಥರ ಕಾಣುವುದು ಅದಕ್ಕೇ. ಸೋಪಿನ ನೀರಿನಲ್ಲಿ ತೊಳೆದಾಗ ಹೋದದ್ದು ಧೂಳು, ಉಳಿದದ್ದು ಜಂಗು. ಗುಜರಿಗೆ ಹಾಕಬೇಕು ಅಂದುಕೊಂಡ ಫ್ರೇಮು ತೊಳೆದ ಮೇಲೆ ಮೂಲ ಬಣ್ಣದಲ್ಲಿ ಹೊಳೆಯುವುದುಂಟು.

ಇಲ್ಲಿ ಒಂದು ಎಚ್ಚರ ಬೇಕು. ಹೆಮಟೈಟ್ ಗಟ್ಟಿ ಖನಿಜ. ಒಣಬಟ್ಟೆಯಿಂದ ಒರೆಸಿದರೆ ಆ ಪುಡಿಯೇ ಸ್ಯಾಂಡ್ ಪೇಪರ್ ಆಗಿ ಬಣ್ಣವನ್ನೂ ಸ್ಟಿಕ್ಕರನ್ನೂ ಗೀರುತ್ತದೆ. ಆದ್ದರಿಂದ ಮೊದಲು ನೀರು ಸುರಿದು ಧೂಳು ಇಳಿಸಬೇಕು, ಆಮೇಲೆ ಮೆತ್ತನೆ ಬಟ್ಟೆ. ಸ್ಟಿಕ್ಕರ್ ಇರುವ ಕಡೆ ಜೋರಾಗಿ ನೀರು ಬಿಡಬೇಡಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಪೈಪಿನ ಹತ್ತಿರವೂ ಒಯ್ಯಬೇಡಿ, ಬೇರಿಂಗ್ ಒಳಗೆ ನೀರು ನುಗ್ಗುತ್ತದೆ. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಕ್ರೋಮ್ ಮೇಲೆ ಬಿಳಿ ಕಲೆ ಕೂರುತ್ತದೆ. ಕೊನೆಗೊಮ್ಮೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಿಂದ ತೊಳೆದು ಒರೆಸಿದರೆ ಕಲೆ ಉಳಿಯುವುದಿಲ್ಲ.

ಯಾವುದನ್ನು ಮುಟ್ಟಬಹುದು?

ಫ್ರೇಮಿನಿಂದ ಶುರು ಮಾಡೋಣ. ಒಳ್ಳೆಯ ಬಿಎಂಎಕ್ಸ್ ಫ್ರೇಮುಗಳು 4130 ಕ್ರೋಮೋಲಿ ಉಕ್ಕಿನವು. ಉಕ್ಕಿಗೆ ಸುಮಾರು ಶೇ 1ರಷ್ಟು ಕ್ರೋಮಿಯಂ, ಸ್ವಲ್ಪ ಮಾಲಿಬ್ಡಿನಂ ಸೇರಿಸಿದ ಮಿಶ್ರಲೋಹ ಇದು. ಗಟ್ಟಿ ಇರುವುದರಿಂದ ಕೊಳವೆಯ ಗೋಡೆ ತೆಳ್ಳಗೆ ಇಡಬಹುದು, ತೂಕ ಕಡಿಮೆಯಾಗುತ್ತದೆ. ಆದರೆ ಗೋಡೆ ತೆಳ್ಳಗಿದೆ ಅಂದರೆ ಉಜ್ಜಿ ಕಳೆದುಕೊಳ್ಳಲು ಲೋಹವೂ ಕಡಿಮೆ ಅಂತಲೇ ಅರ್ಥ.

ಬಣ್ಣದ ಫ್ರೇಮಿಗೆ ನನ್ನ ನಿಯಮ ಸರಳ. ಕಂಪನಿಯ ಬಣ್ಣ ಬಹುಪಾಲು ಉಳಿದಿದ್ದರೆ ಮುಟ್ಟಬೇಡಿ. ಗೀರಿಗೆ ಟಚಪ್ ಕೂಡ ಬೇಡ. ತೊಳೆದು, ಒಣಗಿಸಿ, ಕಾರಿಗೆ ಹಾಕುವ ಸಾದಾ ವ್ಯಾಕ್ಸ್ ತೆಳುವಾಗಿ ಹಚ್ಚಿ. ವ್ಯಾಕ್ಸ್ ಬೇಡ ಅನಿಸಿದರೆ ಮುಂದೆ ತೆಗೆಯಬಹುದು, ಹೊಡಿಸಿದ ಬಣ್ಣವನ್ನು ಹಾಗೆ ತೆಗೆಯಲಾಗುವುದಿಲ್ಲ. ಸ್ಟಿಕ್ಕರ್ ಮೇಲೆ ರಬ್ಬಿಂಗ್ ಕಾಂಪೌಂಡ್ ಮಾತ್ರ ತಾಗಿಸಬೇಡಿ. ಮಾಸಿದ ಸ್ಟಿಕ್ಕರ್ ಮಾಸಿದ್ದಾದರೂ ಮೂಲದ್ದು.

ನಮ್ಮ ಕಡೆ ಸಿಗುವ ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಈಗಾಗಲೇ ಒಮ್ಮೆ ಬ್ರಷ್ಷಿನಿಂದ ಎನಾಮೆಲ್ ಬಳಿದಿರುತ್ತಾರೆ. ಅದರ ಅಡಿಯಲ್ಲಿ ಕಂಪನಿಯ ಬಣ್ಣ ಇರಬಹುದು. ಕಾರ್ಖಾನೆಯಲ್ಲಿ ಕಾಯಿಸಿ ಕೂರಿಸಿದ ಬಣ್ಣ ಸಾಮಾನ್ಯವಾಗಿ ಮೇಲೆ ಬಳಿದ ಬಣ್ಣಕ್ಕಿಂತ ಗಟ್ಟಿ. ಹಾಗಾಗಿ ಫ್ರೇಮಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಒರೆಸಿ ನೋಡಿ. ಮೇಲಿನದು ಮಾತ್ರ ಬಿಡುತ್ತಿದ್ದರೆ ನಿಧಾನವಾಗಿ ಮುಂದುವರಿಯಬಹುದು. ಎರಡೂ ಕರಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಅಡಿಯಲ್ಲಿ ಏನೂ ಉಳಿದಿಲ್ಲ ಅಂತ ಖಾತ್ರಿಯಾದರೆ ಧಾರಾಳವಾಗಿ ರೆಸ್ಟೋರ್ ಮಾಡಿ. ಕಳೆದುಕೊಳ್ಳಲು ಏನೂ ಇಲ್ಲದ ಫ್ರೇಮನ್ನು ಸುಮ್ನೆ ಜಂಗು ತಿನ್ನಲು ಬಿಡುವುದು ಯಾವ ಸಂರಕ್ಷಣೆಯೂ ಅಲ್ಲ.

ಆಗ ಎಲ್ಲರೂ ಪೌಡರ್ ಕೋಟಿಂಗ್ ಮಾಡಿಸಿ ಅನ್ನುತ್ತಾರೆ. ಗೇಟು, ಗ್ರಿಲ್ಲಿಗೆ ಮಾಡುವ ಅದೇ ಕೆಲಸ. ಗಟ್ಟಿ ಇರುತ್ತದೆ, ಅಗ್ಗವೂ ಹೌದು. ಆದರೆ ಪದರ ದಪ್ಪ. ಒತ್ತಿದ ಫ್ರೇಮ್ ನಂಬರು ಅದರಡಿಯಲ್ಲಿ ಮುಚ್ಚಿಹೋಗುತ್ತದೆ, ವೆಲ್ಡಿನ ಅಂದವೂ ಮಸುಕಾಗುತ್ತದೆ. ಅದಕ್ಕೂ ಮೊದಲು ಅವರು ಒರಟು ಮರಳಿನಿಂದ ಬ್ಲಾಸ್ಟ್ ಮಾಡುತ್ತಾರೆ. ತೆಳು ಕೊಳವೆಗೆ ಅದು ಒಳ್ಳೆಯದಲ್ಲ. ಮಾಡಿಸಲೇಬೇಕಾದರೆ ನಂಬರಿನ ಜಾಗ, ತಿರುಪು ಕೂರುವ ಜಾಗ, ಬೇರಿಂಗ್ ಕಪ್ಪು ಕೂರುವ ಜಾಗ ಮುಚ್ಚಿಸಿ, ಎದುರಿಗೆ ನಿಂತು ಮಾಡಿಸಿ. ನಾನಾದರೆ ಕಾರಿನ ಬಣ್ಣ ಹೊಡೆಯುವವರ ಹತ್ತಿರ ಸ್ಪ್ರೇ ಮಾಡಿಸುತ್ತೇನೆ. ಹಳೆ ಸೈಕಲ್ಲಿನ ತೆಳು ಬಣ್ಣಕ್ಕೆ ಅದೇ ಹತ್ತಿರ.

ಕ್ರೋಮ್ ವಿಚಾರ ಇನ್ನೂ ನಾಜೂಕು. ಕ್ರೋಮಿಗೆ ಜಂಗು ಹಿಡಿಯುವುದಿಲ್ಲ. ಕಾಣುವ ಕೆಂಪು ಚುಕ್ಕೆ, ಪದರದ ಸೂಕ್ಷ್ಮ ತೂತುಗಳಿಂದ ಒಳಗಿನ ಉಕ್ಕು ಹೊರಹಾಕಿದ ಜಂಗು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ಮೆತ್ತಗೆ ಉಜ್ಜಿದರೆ ಬಹಳಷ್ಟು ಹೋಗುತ್ತದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗಿನ ಲೋಹ, ಅದಕ್ಕೇ ಗೀರು ಬೀಳುವುದಿಲ್ಲ. ಆಮೇಲೆ ವ್ಯಾಕ್ಸ್ ಹಚ್ಚಿದರೆ ತೂತು ಮುಚ್ಚುತ್ತದೆ. ಪದರವೇ ಕಿತ್ತು ಸಿಪ್ಪೆ ಏಳುತ್ತಿದ್ದರೆ ಮಾತ್ರ ಮರುಲೇಪನದ ಯೋಚನೆ ಮಾಡಿ.

ನಮ್ಮ ಊರಲ್ಲಿ ನಿಕಲ್ ಪಾಲಿಶ್ ಅಂಗಡಿ ಅನ್ನುತ್ತೇವಲ್ಲ, ಅಲ್ಲಿ ಆಗುವ ಕೆಲಸ ಹೀಗಿದೆ: ಹಳೆ ಪದರವನ್ನು ರಾಸಾಯನಿಕದಲ್ಲಿ ಬಿಡಿಸುತ್ತಾರೆ, ಬಫ್ ಚಕ್ರಕ್ಕೆ ಹಿಡಿದು ಉಜ್ಜುತ್ತಾರೆ, ಆಸಿಡ್‌ನಲ್ಲಿ ಅದ್ದುತ್ತಾರೆ, ಆಮೇಲೆ ನಿಕಲ್, ಅದರ ಮೇಲೆ ಕ್ರೋಮ್. ಬಫ್ ಮಾಡುವಾಗ ಲೋಹ ಸವೆಯುತ್ತದೆ, ನಂಬರು ಮಾಸುತ್ತದೆ. ಅದಕ್ಕಿಂತ ಕೆಟ್ಟದ್ದು, ಫ್ರೇಮಿನ ಗಾಳಿ ತೂತುಗಳಿಂದ ಆಸಿಡ್ ಕೊಳವೆಯೊಳಗೆ ಹೋಗಿ ಕೂರುತ್ತದೆ. ಹೊರಗೆ ಕನ್ನಡಿಯ ಹಾಗೆ ಹೊಳೆಯುವ ಫ್ರೇಮು ಒಳಗಿನಿಂದ ಸದ್ದಿಲ್ಲದೆ ಕೊಳೆಯುತ್ತದೆ. ಇನ್ನೊಂದು ಸಂಗತಿ: ಆ ಕಾಲದ ಕೆಲವು ಫ್ರೇಮುಗಳಿಗೆ ಮೇಲ್ಪದರವೇ ನಿಕಲ್, ಕ್ರೋಮ್ ಇರಲಿಲ್ಲ. ನಿಕಲ್ ಹೊಳಪಿನಲ್ಲಿ ಹಳದಿ ಛಾಯೆ ಇರುತ್ತದೆ, ಕ್ರೋಮಿನದು ನೀಲಿ ಛಾಯೆ. ನಿಕಲ್ ಫ್ರೇಮಿಗೆ ಕ್ರೋಮ್ ಮಾಡಿಸಿದರೆ ಗೊತ್ತಿರುವವರಿಗೆ ದೂರದಿಂದಲೇ ಕಾಣುತ್ತದೆ.

ಜಂಗು ಹಿಡಿದ ಸಣ್ಣ ಉಕ್ಕಿನ ಭಾಗಗಳಿಗೆ, ಅಂದರೆ ನಟ್ಟು, ಬೋಲ್ಟು, ಚೈನಿಗೆ, ಸಿಟ್ರಿಕ್ ಆಸಿಡ್ ಸಾಕು. ಕಿರಾಣಿ ಅಂಗಡಿಯ ನಿಂಬೆ ಉಪ್ಪೇ ಅದು. ನೀರಲ್ಲಿ ಕರಗಿಸಿ ಅದ್ದಿಡಿ, ಆಗಾಗ ನೋಡುತ್ತಿರಿ. ತೆಗೆದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಹಚ್ಚಬೇಕು. ತಡಮಾಡಿದರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ಬಣ್ಣ ಹಾಕಿದ ಅಲ್ಯೂಮಿನಿಯಂ ಭಾಗಗಳನ್ನು ಇದರಲ್ಲಿ ಅದ್ದಬೇಡಿ.

ಆ ಬಣ್ಣದ ಅಲ್ಯೂಮಿನಿಯಂ ಅಂದರೆ ಅನೋಡೈಸ್ ಮಾಡಿದ ರಿಮ್ಮು, ಹ್ಯಾಂಡಲ್ ಹಿಡಿದಿಡುವ ಸ್ಟೆಮ್ಮು, ಬ್ರೇಕ್ ಲಿವರ್. ಲೋಹದ ಮೇಲೆ ಆಕ್ಸೈಡ್ ಪದರ ಬೆಳೆಸಿ, ಅದರ ಸಣ್ಣ ರಂಧ್ರಗಳಿಗೆ ಬಣ್ಣ ಕುಡಿಸಿರುತ್ತಾರೆ. ಬಿಸಿಲಿಗೆ ಆ ಬಣ್ಣ ಹೋಗುತ್ತದೆ. ಕೆಂಪು ಇದ್ದದ್ದು ನಸುಗುಲಾಬಿ ಆಗುತ್ತದೆ. ಮತ್ತೆ ಮಾಡಿಸಬೇಕಾದರೆ ಪದರವನ್ನು ಕಾಸ್ಟಿಕ್‌ನಲ್ಲಿ ಕಿತ್ತುಹಾಕಬೇಕು. ಆಗ ಮೇಲಿನ ಅಕ್ಷರ, ಗುರುತೂ ಸವೆದು ಹೋಗುತ್ತವೆ. ನನ್ನ ಪ್ರಕಾರ ಅನೋಡೈಸ್ ಭಾಗಗಳನ್ನು ಮಾಸಿದ ಹಾಗೇ ಬಿಡುವುದು ಲೇಸು.

ನೈಲಾನ್ ಚಕ್ರ ಇದಕ್ಕೆ ಉಲ್ಟಾ. ಬಿಳಿ ನೈಲಾನ್ ವರ್ಷ ಕಳೆದ ಹಾಗೆ ಹಳದಿಗೆ ತಿರುಗುತ್ತದೆ. ನೈಲಾನಿಗೆ ಬಣ್ಣ ಹೀರುವ ಗುಣ ಇರುವುದರಿಂದ ಕಲೆಕ್ಟರ್‌ಗಳು ಬಟ್ಟೆಯ ಬಣ್ಣವನ್ನು ಬಿಸಿನೀರಿಗೆ ಹಾಕಿ ಚಕ್ರ ಅದ್ದುತ್ತಾರೆ, ಕಪ್ಪು, ನೀಲಿ, ಕೆಂಪು ಮಾಡಿಕೊಳ್ಳುತ್ತಾರೆ. ಚೆನ್ನಾಗಿ ಕೂರುತ್ತದೆ. ಆದರೆ ಒಮ್ಮೆ ಕೂತದ್ದು ಮತ್ತೆ ಬಿಡುವುದಿಲ್ಲ. ಬಿಳಿ ಚಕ್ರ ಸಿಗುವುದೇ ಕಷ್ಟ, ಅದಕ್ಕೆ ನಾನಂತೂ ಹಳದಿಯನ್ನೇ ಒಪ್ಪಿಕೊಳ್ಳುತ್ತೇನೆ.

ಒಳಗಿನ ಜಂಗು ಮತ್ತು ಅಗಸೆ ಎಣ್ಣೆ

ರೆಸ್ಟೋರ್ ಮಾಡಿ, ಮಾಡದೇ ಇರಿ, ಈ ಕೆಲಸ ಮಾತ್ರ ಎರಡೂ ಪಂಗಡದವರು ಮಾಡಬೇಕು. ಕೊಳವೆಯ ಒಳಗಡೆಗೆ ಬಣ್ಣ ಇರುವುದಿಲ್ಲ. ಅಲ್ಲಿ ಜಂಗು ಬಾರದಂತೆ ಅಗಸೆ ಎಣ್ಣೆ ಬಿಡಬಹುದು. ಅಡುಗೆಯ ಎಣ್ಣೆ ಅಲ್ಲ, ಬಣ್ಣದ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಅಂತ ಸಿಗುವಂಥದ್ದು. ಸೀಟಿನ ಕೊಳವೆಯಿಂದ ಸ್ವಲ್ಪ ಸುರಿದು, ಫ್ರೇಮನ್ನು ಎಲ್ಲ ಕಡೆ ತಿರುಗಿಸಿ, ಹೆಚ್ಚಾದದ್ದನ್ನು ಬಸಿದು ಬಿಡಿ. ಗಾಳಿಗೆ ಗಟ್ಟಿಯಾಗಿ ಪದರ ಕಟ್ಟುತ್ತದೆ.

ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯಾದ ಬಟ್ಟೆಯಲ್ಲಿ ಆ ಶಾಖ ಹೊರಹೋಗದೆ ತನ್ನಷ್ಟಕ್ಕೇ ಬೆಂಕಿ ಹತ್ತಬಹುದು. ರಾಯಚೂರಿನ ಮೇ ತಿಂಗಳ ತಗಡಿನ ಶೆಡ್ಡು ನೆನಪಿಸಿಕೊಳ್ಳಿ. ಬಟ್ಟೆಯನ್ನು ನೀರಿನ ಬಕೆಟ್ಟಿಗೆ ಹಾಕಿ, ಇಲ್ಲವೇ ಬಯಲಲ್ಲಿ ಹರವಿ ಒಣಗಿಸಿ.

ಅದೇ ಬಿಸಿಲು ರಬ್ಬರಿಗೂ ಶತ್ರು. ಹಳೆ ಟಯರಿನ ಪಕ್ಕೆ ಬಿರಿಯುವುದು ಬಿಸಿಲು ಮತ್ತು ಗಾಳಿಯಲ್ಲಿನ ಓಜೋನ್‌ನಿಂದ. ಮೂಲ ಟಯರ್ ಇದ್ದರೆ ಬಿಚ್ಚಿ ಮನೆಯೊಳಗೆ ನೆರಳಲ್ಲಿ ಇಡಿ, ಓಡಿಸಲು ಬೇರೆ ಹಾಕಿ. ಹೊಳಪು ಬರಲಿ ಅಂತ ಎಣ್ಣೆ ಸವರಬೇಡಿ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಓಡಿಸುವ ಸೈಕಲ್ಲಿಗೆ ಬ್ರೇಕ್ ರಬ್ಬರು, ವೈರು, ಟ್ಯೂಬು ಹೊಸದೇ ಇರಬೇಕು, ಅಲ್ಲಿ ಮೂಲ, ನಕಲಿ ಅನ್ನುವ ಚರ್ಚೆ ಬೇಡ. ಹಳೆ ಅಲ್ಯೂಮಿನಿಯಂ ಸ್ಟೆಮ್ಮು, ಹ್ಯಾಂಡಲ್ಲು, ಫ್ರೇಮಿನಲ್ಲಿ ಹ್ಯಾಂಡಲ್ ಕೊಳವೆಯ ಹತ್ತಿರದ ವೆಲ್ಡು, ಇಷ್ಟನ್ನು ಬಿರುಕಿಗಾಗಿ ಬೆಳಕು ಬಿಟ್ಟು ನೋಡಿ. ಬಿರುಕು ಕಂಡರೆ ಗೋಡೆಗೆ ನೇತುಹಾಕಿ, ಹತ್ತಬೇಡಿ.

ಸುಳ್ಳು ಹಳತನ

ಸರ್ವೈವರ್ ಸೈಕಲ್ಲಿಗೆ ಬೆಲೆ ಬಂದ ಮೇಲೆ ಹಳತನವನ್ನೇ ತಯಾರಿಸುವವರೂ ಹುಟ್ಟಿಕೊಂಡಿದ್ದಾರೆ. ಬಳ್ಳಾರಿಯವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಹೊಸ ಜೀನ್ಸ್ ಪ್ಯಾಂಟನ್ನು ಉಜ್ಜಿ, ತೊಳೆದು, ಮೊಣಕಾಲಲ್ಲಿ ಮಾಸಿಸಿ ಕಳಿಸುವ ಊರು ನಮ್ಮದು. ಸೈಕಲ್ಲಿಗೂ ಅದೇ ಆಗುತ್ತದೆ. ಹೊಸದಾಗಿ ಮುದ್ರಿಸಿದ ಸ್ಟಿಕ್ಕರ್ ಅಂಟಿಸಿ, ಸ್ಯಾಂಡ್ ಪೇಪರ್ ತಿಕ್ಕಿ, ಮಾಸಿದ ಹಾಗೆ ಮಾಡುತ್ತಾರೆ. ಕೆಲವು ಹೆಸರಾಂತ ಹಳೆ ಮಾದರಿಗಳನ್ನು ಕಂಪನಿಗಳೇ ಈಚೆಗೆ ಮತ್ತೆ ತಯಾರಿಸಿವೆ, ಅದೂ ಗೊಂದಲಕ್ಕೆ ಸೇರಿಕೊಂಡಿದೆ.

ನಿಜವಾದ ಸವೆತಕ್ಕೆ ಕಾರಣ ಇರುತ್ತದೆ. ಪೆಡಲ್ ಹಿಡಿದಿರುವ ಕ್ರ್ಯಾಂಕ್ ಮೇಲೆ ಶೂ ತಾಗುವ ಜಾಗ ಸವೆದಿರುತ್ತದೆ. ಸೀಟಿನ ಕೊಳವೆಯಲ್ಲಿ ಮೇಲೆ ಕೆಳಗೆ ಮಾಡಿದ ಗೆರೆ ಇರುತ್ತದೆ. ಬ್ರೇಕ್ ವೈರು ಉಜ್ಜಿದ ಕಡೆ ಬಣ್ಣ ಹೋಗಿರುತ್ತದೆ. ಪ್ಯಾಡಿನ ಅಡಿಯಲ್ಲಿ, ಕ್ಲಾಂಪಿನ ಒಳಗೆ ಮೂಲ ಬಣ್ಣ ಗಾಢವಾಗಿ ಉಳಿದಿರುತ್ತದೆ. ಯಾರ ಕೈ, ಕಾಲೂ ತಾಗದ ಕಡೆ ಮಾಸಿದ್ದರೆ, ತಾಗುವ ಕಡೆ ಹೊಸದಿದ್ದರೆ, ಬೆಲೆ ಮಾತಾಡುವ ಮೊದಲು ಇನ್ನೊಮ್ಮೆ ನೋಡಿ. ನೀವೇ ಮಾರುವಾಗ ಯಾವುದು ಮರುಬಣ್ಣ, ಯಾವ ಸ್ಟಿಕ್ಕರ್ ಹೊಸದು ಅಂತ ಬರೆದು ಕೊಡಿ. ತೆಗೆದಿಟ್ಟ ಹಳೆ ಭಾಗಗಳನ್ನೂ ಜೊತೆಗೇ ಕೊಡಿ, ಜಂಗು ಹಿಡಿದ ನಟ್ಟಾದರೂ ಸರಿ.

ನಮ್ಮ ದೇಶದ ಬಿಎಂಎಕ್ಸ್

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಅಮೆರಿಕ, ಜಪಾನ್ ಸೈಕಲ್ಲುಗಳ ಲೆಕ್ಕ. ಗಲ್ಫ್‌ನಿಂದ ಬಂದವರ ಸಾಮಾನಿನ ಜೊತೆ, ಶಕ್ತಿನಗರ, ಹಟ್ಟಿಯಂಥ ಕಾಲೊನಿಗಳಿಗೆ ವರ್ಗವಾಗಿ ಬಂದವರ ಜೊತೆ ಅಂಥ ಒಂದೊಂದು ಬಂದಿರಬಹುದು. ನಿಮಗೆ ಗಂಗಾವತಿಯಲ್ಲೋ ಸಿಂಧನೂರಲ್ಲೋ ಸಿಗುವ ಸಾಧ್ಯತೆ ಜಾಸ್ತಿ ಇರುವುದು ನಮ್ಮ ಕಂಪನಿಗಳೇ ಬಿಎಂಎಕ್ಸ್ ಥರ ಮಾಡಿದ ಮಕ್ಕಳ ಸೈಕಲ್ಲು. 20 ಇಂಚಿನ ಚಕ್ರ, ಹ್ಯಾಂಡಲ್ಲಿಗೆ ಅಡ್ಡಕಂಬಿ, ಅದಕ್ಕೆ ಸುತ್ತಿದ ಪ್ಯಾಡು. ಫ್ರೇಮು ಸಾದಾ ಉಕ್ಕಿನದು, ತೂಕ ಜಾಸ್ತಿ. ಪೇಟೆಯಲ್ಲಿ ಬೆಲೆ ಹೆಚ್ಚಿಲ್ಲ.

ಅದಕ್ಕೇ ಇವುಗಳ ವಿಷಯದಲ್ಲಿ ನಾನು ಇನ್ನೂ ಹಠಮಾರಿ. ಅಮೆರಿಕದ ಹೆಸರಾಂತ ಮಾದರಿಗೆ ಕ್ಯಾಟಲಾಗಿನ ಪ್ರತಿ ಇದೆ, ಹೊಸದಾಗಿ ಮುದ್ರಿಸಿದ ಸ್ಟಿಕ್ಕರ್ ಸಿಗುತ್ತದೆ. ನಮ್ಮವಕ್ಕೆ ಅದ್ಯಾವುದೂ ಸುಲಭಕ್ಕೆ ಸಿಗುವುದಿಲ್ಲ. ಅಟ್ಲಾಸ್‌ನಂಥ ಹಳೆ ಕಂಪನಿ 2020ರಲ್ಲಿ ಸಾಹಿಬಾಬಾದ್ ಕಾರ್ಖಾನೆಯ ಕೆಲಸವನ್ನೇ ನಿಲ್ಲಿಸಿತು. ಫ್ರೇಮಿನ ಮೇಲೆ ಉಳಿದಿರುವ ಸ್ಟಿಕ್ಕರೇ ಕೆಲವು ಸಲ ಆ ಮಾದರಿಯ ಏಕೈಕ ದಾಖಲೆ. ಹರಿದಿದ್ದರೂ ಕೀಳಬೇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ನೇರವಾಗಿ ಫೋಟೋ ತೆಗೆಯಿರಿ, ಟ್ರೇಸಿಂಗ್ ಹಾಳೆಯಲ್ಲಿ ಗೆರೆ ಎಳೆದಿಡಿ. ಫ್ರೇಮಿಗೆ ಬಣ್ಣ ಹೊಡಿಸಲೇಬೇಕಾದ ದಿನ ಬಂದರೆ, ಬೈಕಿನ ನಂಬರ್ ಪ್ಲೇಟ್ ಸ್ಟಿಕ್ಕರ್ ಕತ್ತರಿಸುವ ಅಂಗಡಿಗೆ ಆ ಹಾಳೆ ಕೊಟ್ಟರೆ ಅದೇ ಅಳತೆಯಲ್ಲಿ ಮಾಡಿಕೊಡುತ್ತಾರೆ.